ಗೋದಲಿಗೆ ಬಾಳೆ ಕಟ್ಟಬೇಡಿ ಬ್ರದರ್

ಡಿಸೆಂಬರ್ 18, ಬುಧವಾರ

ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಏಳಕ್ಕೇ ನೂಕುನುಗ್ಗಲು. ಕ್ರಿಸ್ಮಸ್ ರಜೆ ಶುರುವಾಗೋ ಹೊತ್ತು, ಎಲ್ಲರಿಗೂ ಮಡಿಕೇರಿ ಬೇಕು. ನಾವಿಬ್ಬರೂ ಕೊಡಗಿಗೇ ಹೊರಟಿದ್ದು, ಆದರೆ ರಜೆಗಲ್ಲ. ನಾನು ಸೆಮಿನರಿ ವಿದ್ಯಾರ್ಥಿ, ವಯಸ್ಸು 23. ಚರ್ಚಿನ ಗುರುಗಳಾಗುವ ಮುಂಚೆ ನಮ್ಮನ್ನು ಹೀಗೆ ಹಬ್ಬದ ಸಮಯದಲ್ಲಿ ಜೋಡಿ ಮಾಡಿ ಚಿಕ್ಕ ಚಿಕ್ಕ ಚರ್ಚುಗಳಿಗೆ ಕಳಿಸುತ್ತಾರೆ. ಯೇಸುವೂ ಶಿಷ್ಯರನ್ನು ಇಬ್ಬಿಬ್ಬರಾಗಿಯೇ ಕಳಿಸಿದ್ದು, ಮಾರ್ಕನ ಶುಭಸಂದೇಶದಲ್ಲಿದೆ. ಒಂದು ಕೋಲು ಬಿಟ್ಟು ದಾರಿಗೆ ಬೇರೇನೂ ತಗೊಂಡು ಹೋಗಬೇಡಿ ಅಂತಲೂ ಅದೇ ಜಾಗದಲ್ಲಿದೆ. ನಮ್ಮ ಹತ್ತಿರ ಒಂದು ಗಿಟಾರ್, ನಾಲ್ಕು ಸ್ವೆಟರ್, ಎರಡು ಡಜನ್ ಪೇಪರ್ ನಕ್ಷತ್ರ ಮತ್ತು ಅಮ್ಮ ಕಟ್ಟಿಕೊಟ್ಟ ಕಜ್ಜಾಯದ ಡಬ್ಬ ಇತ್ತು.

ಜೊತೆಗಾರ ಕೊಳ್ಳೇಗಾಲದ ಕಡೆಯವನು. ಕನ್ನಡ, ತಮಿಳು ಎರಡೂ ಬರುತ್ತೆ, ಚೆನ್ನಾಗಿ ಹಾಡುತ್ತಾನೆ, ಮಾತು ಕಡಿಮೆ. ನಾನು ದೋರನಹಳ್ಳಿ ಹತ್ತಿರದವನು. ಹಾಡಲು ಬರಲ್ಲ, ಮಾತು ಜಾಸ್ತಿ.

ಹುಣಸೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಗಿಟಾರ್ ನೋಡಿ, "ಎಂತ, ಆರ್ಕೆಸ್ಟ್ರಾದವರಾ?" ಅಂದರು. ಇಲ್ಲ, ಚರ್ಚಿನ ಕೆಲಸಕ್ಕೆ ಹೋಗ್ತಿದ್ದೀವಿ ಅಂದೆ. "ಓಹೋ, ಮಿಷನರಿ! ಮತಾಂತರ ಮಾಡೋಕಾ?" ನಗುತ್ತಲೇ ಕೇಳಿದರು, ಆದರೆ ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಈ ಪ್ರಶ್ನೆ ಬಂದೇ ಬರುತ್ತೆ ಅಂತ ನಮಗೆ ಹೇಳಿಯೇ ಕಳಿಸಿದ್ದರು. "ಇರೋರು ಭಾನುವಾರ ಪೂಜೆಗೆ ಬಂದ್ರೆ ಸಾಕಾಗಿದೆ ಸಾರ್, ಹೊಸಬರನ್ನ ಎಲ್ಲಿಂದ ತರೋದು" ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಕುಶಾಲನಗರದಲ್ಲಿ ಇಳಿಯುವ ಮುಂಚೆ ಚೀಲದಿಂದ ಎರಡು ಕಿತ್ತಳೆ ತೆಗೆದು ಕೊಟ್ಟರು, ಸಿದ್ದಾಪುರದ ಬಸ್ ಎಲ್ಲಿ ನಿಲ್ಲುತ್ತೆ ಅಂತಲೂ ತೋರಿಸಿದರು.

ಗುಡ್ಡೆಹೊಸೂರಿನಲ್ಲಿ ಮಡಿಕೇರಿ ರಸ್ತೆ ಬಿಟ್ಟರೆ ನಂಜರಾಯಪಟ್ಟಣದವರೆಗೂ ದುಬಾರೆಗೆ ಆನೆ ನೋಡಲು ಹೋಗುವವರ ಕಾರುಗಳೇ. ಅದು ದಾಟಿದ ಮೇಲೆ ಎರಡೂ ಕಡೆ ಬರೀ ಕಾಫಿ. ನೆಲ್ಯಹುದಿಕೇರಿ ಹತ್ತಿರ ಕಾವೇರಿ ತೆಳ್ಳಗೆ, ಸಾಧುವಾಗಿ ಹರಿಯುತ್ತಿದ್ದಳು. 2019ರ ಆಗಸ್ಟಿನಲ್ಲಿ ಇದೇ ಹೊಳೆ ದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು ಅಂದರೆ ನಂಬಲಾಗದ ಹಾಗೆ.

ಡಿಸೆಂಬರ್ 19, ಗುರುವಾರ

ಐದೂವರೆಗೆ ಎದ್ದರೆ ಹಲ್ಲು ಕಟಕಟ. ಕಿಟಕಿ ಹೊರಗೆ ಮಂಜು ಬಿಟ್ಟು ಏನೂ ಇಲ್ಲ. ಆರೂವರೆ ಪೂಜೆಗೆ ಒಟ್ಟು ಆರು ಜನ, ಅದರಲ್ಲಿ ನಾವೇ ಇಬ್ಬರು.

ತಿಂಡಿ ಹೊತ್ತಿಗೆ ಫಾದರ್ ಎರಡೇ ನಿಯಮ ಹೇಳಿದರು. ಒಂದು, ಸಂಜೆ ಆರರ ಮೇಲೆ ಎಲ್ಲಿಗೂ ನಡೆದು ಹೋಗಬಾರದು. ಎರಡು, ಯಾವ ಮನೆಗೆ ಹೋದರೂ ಕೊಟ್ಟಿದ್ದು ತಿನ್ನಬೇಕು. ನಾನು ಪ್ರಾರ್ಥನೆ, ಉಪದೇಶ ಅಂತ ದೊಡ್ಡ ಪಟ್ಟಿ ಬರುತ್ತೆ ಅಂದುಕೊಂಡು ಡೈರಿ ತೆಗೆದಿಟ್ಟಿದ್ದೆ.

ಆಮೇಲೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಕಟ್ಟುವ ಕೆಲಸ. ಇಟಲಿಯ ಗ್ರೆಚ್ಚೋ ಅನ್ನೋ ಊರಲ್ಲಿ 1223ರಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಮೊದಲು ಮಾಡಿದಾಗ ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ್ದರಂತೆ. ನಮಗೆ ಬಣ್ಣ ಬಳಿದ ಪ್ಲಾಸ್ಟರ್ ಎತ್ತು, ಒಂದು ಕಿವಿ ಮೊದಲೇ ಹೋಗಿತ್ತು. ಹುಲ್ಲು ಪಕ್ಕದ ತೋಟದ ಅಜ್ಜನ ಗದ್ದೆಯದು, ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಹೊಸ ಹುಲ್ಲು ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು. ಒಣಗಿದ ಹಳೆಯ ಕಾಫಿ ಗಿಡವೊಂದನ್ನು ಬುಡಸಮೇತ ಕಿತ್ತು ತಂದು ಸುಣ್ಣ ಬಳಿದರೆ ಅದೇ ಕ್ರಿಸ್ಮಸ್ ಟ್ರೀ. ಪಾಚಿಗೆ ಮಾತ್ರ ಮೈಸೂರಿನಲ್ಲಿ ದುಡ್ಡು ಕೊಡಬೇಕು. ಇಲ್ಲಿ ಮರದ ಕಾಂಡಕ್ಕೆ ಬೆರಳು ತೂರಿಸಿ ಮೆಲ್ಲಗೆ ಎಳೆದರೆ ಅಂಗೈ ಅಗಲದ ಹಸಿರು ಚಾಪೆ ಹಾಗೇ ಬಿಡಿಸಿಕೊಂಡು ಬರುತ್ತೆ, ಕೆಳಗೆ ಒಂದು ಜರಿಯೋ ಜೇಡವೋ ಗಾಬರಿಯಾಗಿ ಓಡುತ್ತೆ.

ಗೋದಲಿ ಇದ್ದಿದ್ದು ಚರ್ಚಿನ ಹೊರಗೆ, ಮೆಟ್ಟಿಲ ಪಕ್ಕ. ಎರಡು ಕಡೆ ಬಾಳೆ ಕಂಬ ನಿಲ್ಲಿಸೋಣ ಅಂದೆ. ನಮ್ಮೂರಲ್ಲಿ ಹಾಗೇ. ಬಾಳೆ ಇಲ್ಲದಿದ್ದರೆ ಅಮ್ಮನ ಲೆಕ್ಕದಲ್ಲಿ ಅದು ಗೋದಲಿಯೇ ಅಲ್ಲ. ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿ ತಾತ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು.

"ಗೋದಲಿಗೆ ಬಾಳೆ ಕಟ್ಟಬೇಡಿ ಬ್ರದರ್. ಇಲ್ಲಿ ಆನೆ ಉಂಟು."

ಊರ ಮಧ್ಯಕ್ಕೆ, ಇಷ್ಟು ಲೈಟ್ ಇರೋ ಕಡೆಗೆ ಆನೆ ಬರುತ್ತಾ ತಾತ ಅಂದೆ. ಅವರು ವಾದ ಮಾಡಲಿಲ್ಲ. ಹಗ್ಗ ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದರು. ಗೊನೆ ಬಿಟ್ಟಿದ್ದ ಎರಡು ಕಂಬ ನಾನೇ ಕಟ್ಟಿದೆ.

ಡಿಸೆಂಬರ್ 20, ಶುಕ್ರವಾರ

ಲೈನ್ ಮನೆಗಳ ಭೇಟಿ. ಕಾಫಿ ತೋಟದ ಒಳಗೆ ಕೆಲಸದವರಿಗೆ ಸಾಲಾಗಿ ಕಟ್ಟಿರುವ ಮನೆಗಳು, ಒಂದು ರೂಮು, ಒಂದು ಅಡುಗೆಮನೆ, ಮುಂದೆ ಚಿಕ್ಕ ಜಗುಲಿ. ಒಂದೇ ಲೈನಿನಲ್ಲಿ ತಮಿಳು, ಮಲಯಾಳ, ಕನ್ನಡ, ಇಲ್ಲಿನ ಬುಡಕಟ್ಟಿನವರಾದ ಎರವರ ಮಾತು, ಈಗ ಅಸ್ಸಾಮಿನಿಂದ ಬಂದವರ ಮಾತೂ ಕೇಳುತ್ತೆ. ನಮ್ಮ ಚರ್ಚಿನವರ ಮನೆಯ ಬಾಗಿಲ ಮೇಲೆ ನಕ್ಷತ್ರ ತೂಗಿದೆ, ಅದೇ ಗುರುತು.

ನಾನು ಹತ್ತು ನಿಮಿಷದ ಉಪದೇಶ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ಮನೆಯಲ್ಲಿ ಮೂರನೇ ನಿಮಿಷಕ್ಕೆ ಮನೆಯ ಯಜಮಾನರು ಗೋಡೆಗೆ ಒರಗಿ ನಿದ್ದೆ ಹೋದರು. ತಪ್ಪು ಅವರದಲ್ಲ, ಬೆಳಗ್ಗೆಯಿಂದ ಕಾಫಿ ಕೊಯ್ದು ಬಂದವರು. ಎರಡನೇ ಮನೆಯ ಅಜ್ಜಿ "ಸ್ತೋತ್ರ ಬ್ರದರ್" ಅಂತ ಕೈಮುಗಿದು, ನಾನು ಬಾಯಿ ತೆಗೆಯುವ ಮುಂಚೆಯೇ, "ಅದೆಲ್ಲ ಆಮೇಲೆ, ಮೊದಲು ಈ ಫೋನು ನೋಡಿ, ಗ್ಯಾಸ್ ಬುಕ್ ಆಗ್ತಾ ಇಲ್ಲ" ಅಂದರು. ಆಗಿಸಿಕೊಟ್ಟೆ. ಸುದ್ದಿ ಹಬ್ಬಿತು. ಸಂಜೆಯೊಳಗೆ ಎರಡು ಗ್ಯಾಸ್, ಒಂದು ಸ್ಕಾಲರ್‌ಶಿಪ್ ಅರ್ಜಿ, ಆಧಾರ್‌ನಲ್ಲಿ ಹೆಸರು ತಪ್ಪಾಗಿದ್ದ ಮೂವರು. ಜೊತೆಗಾರ ಜಗುಲಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾ ಹಾಯಾಗಿದ್ದ.

ಫಾದರ್ ಹೇಳಿದ ಎರಡನೇ ನಿಯಮ ಎಷ್ಟು ಕಷ್ಟ ಅಂತ ಗೊತ್ತಾಗಿದ್ದೂ ಇವತ್ತೇ. ಒಂಬತ್ತು ಮನೆ, ಒಂಬತ್ತು ಲೋಟ ಬೆಲ್ಲದ ಕಾಫಿ. ರಾತ್ರಿ ಎರಡರವರೆಗೆ ನಿದ್ದೆ ಇಲ್ಲ.

ಡಿಸೆಂಬರ್ 21, ಶನಿವಾರ

ಹಗಲು ಹೊತ್ತು ಲೈನಿಗೆ ಹೋದರೆ ಯಾರೂ ಸಿಗಲ್ಲ, ಹಾಗಾಗಿ ತೋಟಕ್ಕೇ ಹೋದೆವು. ಕ್ರಿಸ್ಮಸ್ ಬರೋದೇ ಕೊಯ್ಲಿನ ನಟ್ಟನಡುವೆ. ಅರೇಬಿಕಾ ಮುಗಿಯುತ್ತಾ ಬಂದಿರುತ್ತೆ, ಹಿಂದೆಯೇ ರೋಬಸ್ಟಾ. ಕೂಲಿ ಕೆಜಿ ಲೆಕ್ಕ, ರಜೆ ಹಾಕಿದ ದಿನ ಸೊನ್ನೆ. ಊರೆಲ್ಲ ರಜೆ ಅಂತ ಕೊಡಗಿಗೆ ಬರುವ ಸಮಯದಲ್ಲಿ ಇಲ್ಲಿಯವರಿಗೆ ಉಸಿರಾಡಲು ಬಿಡುವಿಲ್ಲ.

ಒಬ್ಬರು ಅಕ್ಕ ನನ್ನ ಸೊಂಟಕ್ಕೂ ಒಂದು ಚೀಲ ಕಟ್ಟಿದರು. ಕೊಂಬೆ ಬಗ್ಗಿಸಿ ಹಿಡಿದು, ಹೆಬ್ಬೆರಳು ತೋರುಬೆರಳ ಮಧ್ಯೆ ಹಣ್ಣನ್ನು ಸ್ವಲ್ಪ ತಿರುವಿದರೆ ತೊಟ್ಟು ಗಿಡದಲ್ಲೇ ಉಳಿದು ಹಣ್ಣು ಮಾತ್ರ ಬರಬೇಕು. ನನಗೆ ಎಲೆ, ತೊಟ್ಟು, ಕಾಯಿ ಎಲ್ಲಾ ಬಂತು. ಅರ್ಧ ಗಂಟೆಗೆ ಬೆರಳೆಲ್ಲ ಸಿಹಿ ಅಂಟು, ಅದಕ್ಕೆ ಇರುವೆ. ಕೆಂಪಿರುವೆ ಕತ್ತಿನೊಳಗೆ ಇಳಿದಾಗ ನಾನು ಕುಣಿದಿದ್ದನ್ನು ಆ ಸಾಲಿನವರು ಇನ್ನೂ ಮರೆತಿರಲಿಕ್ಕಿಲ್ಲ. ಮಧ್ಯಾಹ್ನ ತೂಗಿದಾಗ ನಂದು 9 ಕೆಜಿ. ಅಕ್ಕನದು 43. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ನನ್ನ 9ನ್ನು ಅಕ್ಕನ ಲೆಕ್ಕಕ್ಕೇ ಬರೆದುಕೊಂಡ, ಕಾಯಿ ಆರಿಸಿ ಬಿಸಾಕಿ.

ಡಿಸೆಂಬರ್ 22, ಭಾನುವಾರ

ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ದಿನಗಳಾದ ಆಗಮನ ಕಾಲದ ನಾಲ್ಕನೇ ಭಾನುವಾರ. ನಾಲ್ಕನೇ ಮೇಣದ ಬತ್ತಿ ಹಚ್ಚಿದ್ದಾಯಿತು. ಪೂಜೆ ಏಳಕ್ಕೇ ಇಟ್ಟಿದ್ದರು, ಏಕೆಂದರೆ ಸಂತೆ. ಪ್ರವಚನ ಉದ್ದ ಆದರೆ ಹಿಂದಿನ ಬೆಂಚುಗಳಲ್ಲಿ ಪ್ಲಾಸ್ಟಿಕ್ ಚೀಲಗಳ ಸರಸರ ಶುರುವಾಗುತ್ತೆ. ಫಾದರ್‌ಗೆ ಆ ಸದ್ದು ಚೆನ್ನಾಗಿ ಗೊತ್ತು.

ಮಧ್ಯಾಹ್ನ ಬಸ್ಸಿನಲ್ಲಿ ಅಮ್ಮತ್ತಿ ಕಡೆಗೆ ಹೋಗಿ ಆನಂದಪುರ ನೋಡಿ ಬಂದೆವು. ಇದು ನನ್ನ ಹಟ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು, ಭೂಮಿ ಇಲ್ಲದ ಹೊಲೆಯರ ಜೊತೆ ಕಾಡು ಕಡಿದು ಊರು ಮಾಡಿದ ಜಾಗ. ಅವರು ಬಾಸೆಲ್ ಮಿಷನ್‌ನವರು, ಪ್ರೊಟೆಸ್ಟೆಂಟರು, ನಾವು ಕಥೋಲಿಕರು. ಅವರ ಕಾಲದಲ್ಲಿ ಎದುರಿಗೆ ಸಿಕ್ಕಿದ್ದರೆ ಒಬ್ಬರಿಗೊಬ್ಬರು ನಮಸ್ಕಾರ ಹೇಳುತ್ತಿದ್ದರೋ ಇಲ್ಲವೋ. ಆದರೂ ಅಲ್ಲಿ ರಸ್ತೆ ಬದಿ ನಿಂತಾಗ ಅವರ ಬಗ್ಗೆ ಯೋಚನೆ ಬಂತು. ಫೋನಿಲ್ಲ, ಸ್ವೆಟರ್ ಒದ್ದೆಯಾದರೆ ಒಣಗಲ್ಲ, ಮನೆಯಿಂದ ಕಾಗದ ಬರಲು ತಿಂಗಳುಗಟ್ಟಲೆ. ನಾನು ನಾಲ್ಕು ದಿನಕ್ಕೇ ಅಮ್ಮನ ಸಾರು ನೆನೆಸಿಕೊಳ್ಳುತ್ತಿದ್ದೆ.

ಡಿಸೆಂಬರ್ 23, ಸೋಮವಾರ

ಕ್ಯಾರಲ್ಸ್. ಒಂದು ಪಿಕಪ್, ಹದಿನಾಲ್ಕು ಜನ, ಕ್ರಿಸ್ಮಸ್ ತಾತನ ವೇಷದಲ್ಲಿ ಒಬ್ಬ ಬಡಕಲು ಹುಡುಗ, ಹೊಟ್ಟೆಗೆ ದಿಂಬು. ಕೊಯ್ಲು ಮುಗಿಸಿ ಎಲ್ಲರೂ ತೂಕಕ್ಕೆ ಸೇರುವ ಹೊತ್ತಿಗೆ ಕಣದಲ್ಲಿ ಹಾಡಿದೆವು, ಹರಡಿದ ಕಾಫಿಯ ಹುಳಿ ವಾಸನೆಯ ಮಧ್ಯೆ. ಒಳ್ಳೆ ಕಲೆಕ್ಷನ್ ಆಯಿತು. ಆರು ಗಂಟೆಯೊಳಗೆ ಮುಗಿಸಬೇಕಿತ್ತು, ಆದರೆ ತೋಟದ ಕೊನೆಯ ಲೈನ್ ಒಂದು ಬಾಕಿ ಇತ್ತು, ಐದೇ ನಿಮಿಷ ಅಂತ ಹೋದೆವು.

ಅಲ್ಲಿದ್ದಾಗ ರೈಟರ್ ಫೋನ್. ಒಂಟಿ ಸಲಗ ಗೇಟಿನ ಹತ್ತಿರ ನಿಂತಿದೆ, ಹೊರಡಬೇಡಿ.

ಹಾಗಾಗಿ ಆರೂಕಾಲರಿಂದ ರಾತ್ರಿ ಹತ್ತೂಕಾಲರವರೆಗೆ ನಾವು ಆ ಲೈನಿನಲ್ಲೇ. ಅದರಲ್ಲಿ ಇದ್ದವರು ಅಸ್ಸಾಮಿನಿಂದ ಬಂದ ಆರು ಕುಟುಂಬ. ಅವರ ಹಿರಿಯರು ಈಗಿನ ಜಾರ್ಖಂಡ್ ಕಡೆಯ ಛೋಟಾ ನಾಗಪುರದವರು, ಬ್ರಿಟಿಷರ ಕಾಲದಲ್ಲಿ ಅಸ್ಸಾಮಿನ ಚಹಾ ತೋಟಕ್ಕೆ ಹೋದವರು. ಈಗ ಇವರು ಕೊಡಗಿನ ಕಾಫಿ ತೋಟಕ್ಕೆ. ಆರರಲ್ಲಿ ನಾಲ್ಕು ಮನೆಯವರು ಕಥೋಲಿಕರು ಅಂತ ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಬಾಗಿಲ ಮೇಲೆ ನಕ್ಷತ್ರ ಇರಲಿಲ್ಲ, ಅಷ್ಟೇ. ಬಂದು ಎರಡು ತಿಂಗಳಾಗಿತ್ತು, ಚರ್ಚ್ ಎಲ್ಲಿದೆ ಅಂತ ಕೇಳಲು ಮಾತು ಬರುತ್ತಿರಲಿಲ್ಲ.

ನಮ್ಮ ಹತ್ತು ಹಾಡು ಮುಗಿದವು. ಮತ್ತೆ ಮೊದಲಿಂದ ಹಾಡಿದೆವು. ಆಮೇಲೆ ಅವರ ಸರದಿ. ನೀಲಿ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಒಬ್ಬ ಬಾರಿಸಲು ಶುರು ಮಾಡಿದ, ಹೆಂಗಸರು ಕೈಕೈ ಹಿಡಿದು ಸಾಲಾಗಿ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಜೊತೆಗಾರ ಎರಡೇ ನಿಮಿಷಕ್ಕೆ ಗಿಟಾರ್‌ನಲ್ಲಿ ಅದನ್ನು ಹಿಡಿದುಬಿಟ್ಟ. ಉಪ್ಪು ಹಾಕಿದ ಕಪ್ಪು ಚಹಾ ಕೊಟ್ಟರು. ನಿಯಮದ ಪ್ರಕಾರ ಎರಡು ಲೋಟ ಕುಡಿದೆ, ಎರಡನೆಯದು ಇಷ್ಟಪಟ್ಟೇ.

ಶುಭಸಂದೇಶ ಓದಿ ಅಂದರು. ಲೂಕನ ಎರಡನೇ ಅಧ್ಯಾಯ ತೆಗೆದೆ. ಸ್ವಲ್ಪ ಕನ್ನಡ ಕಲಿತಿದ್ದ ಹುಡುಗನೊಬ್ಬ ನಾನು ಒಂದು ಸಾಲು ಓದಿದರೆ ಅದನ್ನು ಅವರ ಸಾದ್ರಿ ಮಾತಿಗೆ ತಿರುಗಿಸುತ್ತಿದ್ದ. ಮರಿಯಮ್ಮ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು, ಛತ್ರದಲ್ಲಿ ಅವರಿಗೆ ಸ್ಥಳ ಇರಲಿಲ್ಲ ಅಂತ ಓದಿದೆ. ಹುಡುಗ ತಡೆದ. "ಛತ್ರ ಅಂದ್ರೆ?" ನಾನು ವಿವರಿಸಲು ಒದ್ದಾಡಿದೆ, ದೂರದಿಂದ ಬಂದವರು ಉಳಿದುಕೊಳ್ಳೋ ಜಾಗ, ಹಾಗೆ ಹೀಗೆ. ಅವನು "ಆಂ, ಗೊತ್ತಾಯ್ತು" ಅಂತ ತಿರುಗಿ ಹೇಳಿದ. ಅದರಲ್ಲಿ ನನಗೆ ಅರ್ಥವಾಗಿದ್ದು ಒಂದೇ ಪದ, ‘ಲೈನ್’. ಲೈನಿನಲ್ಲಿ ರೂಮು ಖಾಲಿ ಇರಲಿಲ್ಲ. ಎಲ್ಲರೂ ತಲೆ ಆಡಿಸಿದರು. ಬಾಣಂತಿಯೊಬ್ಬಳು ಮಡಿಲಲ್ಲಿದ್ದ ಮಗುವಿನ ಟೋಪಿ ಸರಿ ಮಾಡಿದಳು.

ನನ್ನ ಹತ್ತು ನಿಮಿಷದ ಉಪದೇಶ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.

ಡಿಸೆಂಬರ್ 24, ಮಂಗಳವಾರ

ಇಲ್ಲಿ ಮಧ್ಯರಾತ್ರಿ ಪೂಜೆ ಮಧ್ಯರಾತ್ರಿ ಇಲ್ಲ, ಸಂಜೆ ಏಳಕ್ಕೆ. ಕಾರಣ ಗೊತ್ತಲ್ಲ, ದೊಡ್ಡ ಕಿವಿ, ಉದ್ದ ಸೊಂಡಿಲು. ಎಲ್ಲಾ ಲೈನುಗಳಿಗೂ ಪಿಕಪ್ ಕಳಿಸಿ ಜನರನ್ನು ಕರೆತರುವುದು, ವಾಪಸ್ ಬಿಡುವುದು. ಬೆಳಗ್ಗೆಯಿಂದ ಅದೇ ಓಡಾಟ, ಬೆಂಚು, ಮೈಕು, ಜನರೇಟರ್‌ಗೆ ಡೀಸೆಲ್. ಪೂಜೆಯ ಮಧ್ಯೆ ಕರೆಂಟ್ ಹೋಯಿತು, ಯಾರೂ ತಲೆ ಎತ್ತಲೂ ಇಲ್ಲ.

ಕೊನೆಯ ಲೈನಿನವರು ‘ಬಡಾ ದಿನ್’ ಅಂತ ಕೂಗುತ್ತಾ ಇಳಿದರು. ಬಿಳಿ ಸೀರೆ, ಕೆಂಪು ಅಂಚು. ಬಾಲಯೇಸುವನ್ನು ಗೋದಲಿಯಲ್ಲಿ ಇಡುವಾಗ ಫಾದರ್ ಆ ಬಾಣಂತಿಯ ಕೈಗೆ ಕೊಟ್ಟು ಇಡಿಸಿದರು. ಬಾಳೆ ಕಂಬದ ಎಲೆ ಗಾಳಿಗೆ ಆಡುತ್ತಿತ್ತು. ಎಷ್ಟು ಚಂದ ಕಾಣುತ್ತೆ ನೋಡಿ ತಾತ ಅಂದೆ. ತಾತ ಗೊನೆಯನ್ನು ನೋಡಿದರು, ನನ್ನನ್ನು ನೋಡಿದರು.

ಡಿಸೆಂಬರ್ 25, ಬುಧವಾರ

ತಿಂದೆವು. ಮಲಯಾಳಿಗಳ ಮನೆಯ ಅಚ್ಚಪ್ಪಂ, ಮಂಗಳೂರಿನ ಕಡೆಯವರ ಕುಸ್ವಾರ್, ಪಕ್ಕದ ತೋಟದ ಕೊಡವ ಅಜ್ಜ ಕಳಿಸಿದ ಕಡಂಬುಟ್ಟು ಮತ್ತು ಕಚ್ಚಂಪುಳಿ ಹಾಕಿ ಕಪ್ಪಗೆ ಮಾಡಿದ ಪಂದಿ ಕರಿ. ನೆಲ್ಲಿಕಾಯಿ ವೈನ್ ಒಂದು ಲೋಟ, ಫಾದರ್ ನೋಡುತ್ತಿದ್ದರು, ಹಾಗಾಗಿ ಒಂದೇ.

ಮಧ್ಯಾಹ್ನ ಮಲಗಿದಾಗ ಮಾತ್ರ ಮನೆ ನೆನಪು ಜೋರಾಗಿ ಬಂತು. ಮನೆಯಿಂದ ದೂರ ಕಳೆದ ಮೊದಲ ಕ್ರಿಸ್ಮಸ್. ಜೊತೆಗಾರನೂ ಗೋಡೆ ಕಡೆ ತಿರುಗಿ ಮಲಗಿದ್ದ. ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ. ಅಮ್ಮನಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ, ಪ್ರವಾಸಿಗರೆಲ್ಲ ಒಟ್ಟಿಗೆ ಫೋಟೋ ಕಳಿಸುತ್ತಿದ್ದರೋ ಏನೋ.

ಡಿಸೆಂಬರ್ 26, ಗುರುವಾರ

ತೋಟಗಳಲ್ಲಿ ಮತ್ತೆ ಕೊಯ್ಲು. ನಮಗೆ ಒಂದು ದಿನ ಬಿಡುವು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಹೋದೆವು. ಟಿಪ್ಪುವಿನ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ ಮೇಲೆ, 1792ರಲ್ಲಿ ಶುರುವಾದ ಸಭೆ. ರಾಜ ಶಿವಭಕ್ತ, ಬಂದವರು ಕ್ರೈಸ್ತರು. ಬಸ್ಸಿನ ಆ ಹಿರಿಯರಿಗೆ ಇದನ್ನು ಹೇಳಬೇಕಿತ್ತು, ಅವತ್ತು ಹೊಳೆಯಲಿಲ್ಲ.

ಅಲ್ಲಿಂದ ಮಡಿಕೇರಿ. ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿ ಹಾಗೇ ಇದೆ, ಒಳಗೆ ಪ್ರಾರ್ಥನೆ ಇಲ್ಲ, ವಿಗ್ರಹ, ವೀರಗಲ್ಲು, ಹಳೆಯ ಆಯುಧ. ಹೊರಗೆ ಗಾರೆಯ ಎರಡು ಆನೆ. ಮಕ್ಕಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು. ರಾಜಾಸೀಟಿಗೆ ಹೋಗುವ ರಸ್ತೆಯಲ್ಲಿ ಕಾರುಗಳು ಅಲ್ಲಾಡುತ್ತಿರಲಿಲ್ಲ. ಬಿಟ್ಟು ಬಂದೆವು.

ಡಿಸೆಂಬರ್ 28, ಶನಿವಾರ

ನಿನ್ನೆ ರಾತ್ರಿ ಎರಡರ ಸುಮಾರಿಗೆ ಹೊರಗೆ ಏನೋ ಮುರಿದ ಸದ್ದು. ಜೊತೆಗಾರ ನನ್ನ ತೋಳು ಹಿಡಿದು, "ಲೈಟ್ ಹಾಕಬೇಡ" ಅಂದ. ಕಿಟಕಿಯ ಹೊರಗೆ ಉಸಿರಾಟ. ಯಾರೋ ದೊಡ್ಡ ಚೀಲದಿಂದ ಗಾಳಿ ಬಿಟ್ಟ ಹಾಗೆ, ನಿಧಾನವಾಗಿ. ಆಮೇಲೆ ಚರಕ್ ಚರಕ್ ಅಂತ ಬಾಳೆ ಸಿಗಿಯುವ ಸದ್ದು. ಅರ್ಧ ಗಂಟೆ ನಾವಿಬ್ಬರೂ ನೆಲದ ಮೇಲೆ ಕೂತಿದ್ದೆವು. ನಾನು ಜಪಸರ ಹಿಡಿದಿದ್ದೆ, ಎಷ್ಟನೇ ಮಣಿ ಅಂತ ಗೊತ್ತಿರಲಿಲ್ಲ.

ಬೆಳಗ್ಗೆ ನೋಡಿದರೆ ಕಂಬ ಇಲ್ಲ, ಗೊನೆ ಇಲ್ಲ, ಹುಲ್ಲಿನಲ್ಲೂ ಒಂದು ಎಸಳು ಉಳಿದಿಲ್ಲ. ಎತ್ತಿನ ಇನ್ನೊಂದು ಕಿವಿಯೂ ಹೋಗಿತ್ತು. ಕುರಿ ಕಾಯುವವನೊಬ್ಬ ಪುಡಿ ಪುಡಿ. ಮರಿಯಮ್ಮ, ಜೋಸೆಫ್ ಪಕ್ಕಕ್ಕೆ ಬಿದ್ದಿದ್ದರು. ಬಾಲಯೇಸು ಮಾತ್ರ ಇದ್ದಲ್ಲೇ, ಕೆಳಗಿನ ಹುಲ್ಲನ್ನು ಅಷ್ಟು ಜೋಪಾನವಾಗಿ ಎಳೆದುಕೊಂಡಿತ್ತು. ಮೆಟ್ಟಿಲ ಮೇಲೆ ಲದ್ದಿ, ಅದರ ತುಂಬಾ ಕಾಫಿ ಬೀಜ.

ಪವಾಡ ಅಂತ ಹೇಳಲು ಬಾಯಿ ತೆಗೆದೆ. ಉಪದೇಶಿ ತಾತ ನನ್ನ ಕೈಗೆ ಪೊರಕೆ ಕೊಟ್ಟರು. ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಫಾದರ್ ಅಷ್ಟೇ ಅಂದರು, "ಸದ್ಯ, ಪೂಜೆ ದಿನ ಬರಲಿಲ್ಲ." ಅಷ್ಟು ಜನ, ಅಷ್ಟು ಮಕ್ಕಳು ಅಲ್ಲೇ ನಿಂತಿದ್ದರು ಅಂತ ಆಗ ತಲೆಗೆ ಹೋಯಿತು. ಗುಡಿಸುವಾಗ ಕೈ ನಡುಗುತ್ತಿತ್ತು.

ಜನವರಿ 2, ಗುರುವಾರ

31ರ ರಾತ್ರಿಯ ಕೃತಜ್ಞತಾ ಪೂಜೆ, ಒಂದನೇ ತಾರೀಕಿನ ಪೂಜೆ ಎರಡೂ ಆದವು. ಗೋದಲಿಯನ್ನು ಒಳಗೆ, ಪೀಠದ ಪಕ್ಕಕ್ಕೆ ಸೇರಿಸಿದೆವು, ಪಾಚಿ ಮಾತ್ರ ಹಾಕಿ. ಕೊನೆಯ ಲೈನಿಗೆ ಹೋಗಿ ಉಳಿದಿದ್ದ ನಾಲ್ಕು ನಕ್ಷತ್ರ ಕಟ್ಟಿ ಬಂದೆವು, ಹಬ್ಬ ಮುಗಿದಿದ್ದರೂ.

ಮೈಸೂರು ಬಸ್ಸಿನಲ್ಲಿ ಪಿರಿಯಾಪಟ್ಟಣ ದಾಟಿದ ಮೇಲೆ ಅಮ್ಮನ ಫೋನ್ ಸಿಕ್ಕಿತು. ಊಟ, ಚಳಿ, ಕೆಮ್ಮು ಎಲ್ಲಾ ವಿಚಾರಿಸಿದಳು. ಆಮೇಲೆ, "ಗೋದಲಿಗೆ ಬಾಳೆ ಕಟ್ಟಿದ್ಯೇನೋ?"

"ಕಟ್ಟಿದ್ದೆ ಅಮ್ಮ. ಗೊನೆ ಇರೋದೇ."

"ಚೆನ್ನಾಗಿತ್ತಾ?"

ಜೊತೆಗಾರ ಕಿಟಕಿ ಕಡೆ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದ.

"ಚೆನ್ನಾಗಿತ್ತು ಅಂತ ಕಾಣುತ್ತೆ ಅಮ್ಮ. ಒಂದು ಕಾಯಿನೂ ಬಿಟ್ಟಿಲ್ಲ."